ಇಪ್ಪತ್ತು ಗುಂಟೆ ಮೀನುಹೊಂಡದ ಕಳೆ ತೆಗೆದ ಕೆಲಸ: ಹಂತ, ಅಳತೆ, ಖರ್ಚು

ಹೊಂಡ ಇಪ್ಪತ್ತು ಗುಂಟೆ, ಸುಮಾರು 2,000 ಚದರ ಮೀಟರ್. ಅರೆಮಲೆನಾಡಿನ ಅಡಿಕೆ ತೋಟದ ತಲೆಗಿದೆ. ಮೇಲ್ಗಡೆ ಗದ್ದೆ, ಪಕ್ಕದಲ್ಲಿ ದನದ ಕೊಟ್ಟಿಗೆ. ತೂಬಿನ ಕಡೆ ಎಂಟು ಅಡಿ ಆಳ, ಗದ್ದೆ ಕಡೆಯ ಅಂಚಿನಲ್ಲಿ ಒಂದೂವರೆ ಅಡಿ. ಒಳಗೆ ಹಿಂದಿನ ಸೆಪ್ಟೆಂಬರಿನಲ್ಲಿ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಸೇರಿ ಸಾವಿರ ಮೀನು. ಮೂರನೇ ಒಂದು ಭಾಗದ ಮೇಲೆ ನೇರಳೆ ಹೂವಿನ ಅಂತರಗಂಗೆ, ಕಡಿಮೆ ಆಳದ ಅರ್ಧದಲ್ಲಿ ನೀರೊಳಗೆ ಹೈಡ್ರಿಲ್ಲಾ, ನೀರು ಬರುವ ಬಾಯಿಯಲ್ಲಿ ಜೊಂಡು, ಅಲ್ಲಲ್ಲಿ ನೂಲುಪಾಚಿ.

ಮೀನಿಲ್ಲದ ಹೊಂಡವಾದರೆ ಜೆಸಿಬಿ ತಂದು ಎರಡು ದಿನದಲ್ಲಿ ಬಳಿದು ಹಾಕಬಹುದು. ಮೀನಿರುವಾಗ ಹಾಗಾಗುವುದಿಲ್ಲ. ಕಿತ್ತ ಕಳೆ, ಕಲಕಿದ ಕೆಸರು, ಕೊಳೆಯುವ ಎಲೆ ಎಲ್ಲವೂ ಮೀನು ಉಸಿರಾಡುವ ಆಮ್ಲಜನಕವನ್ನೇ ತಿನ್ನುತ್ತವೆ. ಹಾಗಾಗಿ ಈ ಕೆಲಸದ ವೇಗ ಆಳುಗಳ ಸಂಖ್ಯೆಯ ಮೇಲೆ ನಿಲ್ಲಲಿಲ್ಲ, ಬೆಳಗಿನ ಜಾವದ ಆಮ್ಲಜನಕದ ಅಳತೆಯ ಮೇಲೆ ನಿಂತಿತು.

ಹಂತ 1. ಫೆಬ್ರವರಿ: ಕಳೆ ಮುಟ್ಟುವ ಮೊದಲು ಅಳತೆ

ಹನ್ನೆರಡು ಅಡಿ ಬಿದಿರಿಗೆ ಅರ್ಧರ್ಧ ಅಡಿಗೆ ಬಣ್ಣದ ಗೆರೆ ಹಾಕಿ, ಹರಿಗೋಲಿನಲ್ಲಿ ಕೂತು ಐದು ಮೀಟರಿಗೊಂದು ಕಡೆ ಆಳ ನೋಡಿ ಕಾಗದದ ಮೇಲೆ ನಕ್ಷೆ ಬರೆದದ್ದಾಯಿತು. ಸರಾಸರಿ ಆಳ ನಾಲ್ಕೂವರೆ ಅಡಿ, ಅಂದರೆ 1.4 ಮೀಟರ್. 2,000 ಗುಣಿಸು 1.4, ಒಟ್ಟು 2,800 ಘನ ಮೀಟರ್ ನೀರು. ಈ ಒಂದು ಅಂಕಿ ಇಲ್ಲದೆ ಸುಣ್ಣ, ಸಗಣಿ, ಔಷಧ ಯಾವುದರ ಲೆಕ್ಕವೂ ಆಗುವುದಿಲ್ಲ. ಘನ ಮೀಟರಿಗೆ ಒಂದು ಗ್ರಾಂ ಹಾಕಿದರೆ ಒಂದು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಹೊಂಡಕ್ಕೆ ಒಂದು ಪಿಪಿಎಂ ಎಂದರೆ 2.8 ಕೆಜಿ. ಅಂದಾಜಿನ ಮೇಲೆ ಔಷಧ ಸುರಿದು ಮೀನು ಕಳೆದುಕೊಳ್ಳುವುದು ಇಲ್ಲಿಂದಲೇ ಶುರುವಾಗುತ್ತದೆ.

ನೀರಿನ ತಿಳಿ ನೋಡಲು 20 ಸೆಂ.ಮೀ. ಅಗಲದ ಹಳೆ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದು, ನಡುವೆ ತೂತು ಕೊರೆದು ಗುರುತು ಹಾಕಿದ ಹಗ್ಗ ಕಟ್ಟಿದರೆ ಸಾಕು. ಅಡಿಗೆ ಒಂದು ಕಲ್ಲು. ತಟ್ಟೆ ಕಣ್ಮರೆಯಾಗುವ ಆಳವೇ ಅಳತೆ. ಕಳೆಯಿಲ್ಲದ ಜಾಗದಲ್ಲಿ 95 ಸೆಂ.ಮೀ. ಬಂತು. ನೋಡಲು ಚೆಂದ, ಮೀನಿಗೆ ಬಡತನ: ಬಿಸಿಲು ತಳದವರೆಗೆ ಇಳಿಯುತ್ತಿದೆ, ಹೈಡ್ರಿಲ್ಲಾ ಹಬ್ಬುತ್ತಿದೆ, ಮೀನು ತಿನ್ನುವ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ) ಇಲ್ಲ.

ಆಮ್ಲಜನಕಕ್ಕೆ ಹನಿ ಹಾಕಿ ಬಣ್ಣ ನೋಡುವ ಕಿಟ್. ಬೆಳಿಗ್ಗೆ ಆರಕ್ಕೆ ಅಂತರಗಂಗೆಯ ಅಡಿ ಲೀಟರಿಗೆ 2 ಮಿ.ಗ್ರಾಂ, ತೆರೆದ ನೀರಿನಲ್ಲಿ 3.5. ಮಧ್ಯಾಹ್ನ ಮೂರಕ್ಕೆ ಹೈಡ್ರಿಲ್ಲಾ ನಡುವೆ 11. ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಬೆಳಿಗ್ಗೆ 7.4, ಮಧ್ಯಾಹ್ನ 9.3. ಮಧ್ಯಾಹ್ನದ ಅಳತೆ ಮಾತ್ರ ನೋಡಿದವರಿಗೆ ನೀರು ಬಹಳ ಚೆನ್ನಾಗಿದೆ ಅನ್ನಿಸುತ್ತದೆ. ಮೀನು ಸಾಯುವುದು ಬೆಳಗಿನ ಜಾವ, ಅಳೆಯಬೇಕಾದ್ದೂ ಆಗಲೇ.

ಅದರ ಮೇಲೆ ಒಂದು ನಿಯಮ ಮಾಡಿಕೊಂಡದ್ದಾಯಿತು. ಬೆಳಿಗ್ಗೆ ಆರರ ಅಳತೆ 4ಕ್ಕಿಂತ ಮೇಲಿದ್ದರೆ ಪೂರ್ತಿ ಕೆಲಸ. 3ರಿಂದ 4 ಇದ್ದರೆ ತೇಲುವ ಕಳೆ ಮಾತ್ರ, ಅದೂ ತಳ ತುಳಿಯದೆ, ದಡದಿಂದ ಅಥವಾ ಹರಿಗೋಲಿನಿಂದ. 3ಕ್ಕಿಂತ ಕೆಳಗಿದ್ದರೆ ಯಾರೂ ನೀರಿಗೆ ಇಳಿಯುವಂತಿಲ್ಲ, ಅವತ್ತು ದಡದ ಕೆಲಸ.

ಹಂತ 2. ಫೆಬ್ರವರಿ: ಕಳೆಗೆ ಗೊಬ್ಬರ ಬರುವ ದಾರಿ ಮುಚ್ಚುವುದು

ಇದನ್ನು ಬಿಟ್ಟು ನೇರವಾಗಿ ಕೀಳಲು ಹೋದರೆ ದುಡ್ಡು ದಂಡ. ಬಿಸಿಲು, ಗೊಬ್ಬರ ಎರಡೂ ಸಿಕ್ಕರೆ ಅಂತರಗಂಗೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಹತ್ತು ಗಿಡ ಉಳಿದರೂ ಆರು ತಿಂಗಳಲ್ಲಿ ಮೊದಲಿನ ಸ್ಥಿತಿ.

ಕೊಟ್ಟಿಗೆ ತೊಳೆದ ನೀರು ಬಚ್ಚಲ ಕಾಲುವೆಯ ಮೂಲಕ ನೇರ ಹೊಂಡಕ್ಕೆ ಬರುತ್ತಿತ್ತು. ಅಲ್ಲಿ 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆದು, ತುಂಬಿ ಹೆಚ್ಚಾದದ್ದು ನಾಲ್ಕಿಂಚಿನ ಪೈಪಿನಲ್ಲಿ ಬಾಳೆಯ ಸಾಲಿಗೆ ಹೋಗುವಂತೆ ಮಾಡಲಾಯಿತು. ಗದ್ದೆ ನೀರು ಬರುವ ಕಡೆ ಹೊಂಡದ ಬಾಯಿಗೆ ಮೊದಲೇ 10 ಅಡಿ ಉದ್ದ, 6 ಅಡಿ ಅಗಲದ ಹೂಳುಗುಂಡಿ. ಯೂರಿಯಾ ಎರಚಿದ ವಾರ ಗದ್ದೆಯ ನೀರು ಹೊಂಡಕ್ಕೆ ಬರದ ಹಾಗೆ ಮಡೆಗೆ ಹಲಗೆ. ಹೂಳುಗುಂಡಿಯನ್ನು ವರ್ಷಕ್ಕೊಮ್ಮೆ ಬಳಿಯಲೇಬೇಕು. ತುಂಬಿದ ಹೂಳುಗುಂಡಿ ಇದ್ದೂ ಇಲ್ಲದಂತೆ.

ಹಂತ 3. ಫೆಬ್ರವರಿ ಕೊನೆ: ತೇಲುಬೇಲಿ

ಒಂದು ಕಡೆ ಕೀಳುತ್ತಿದ್ದರೆ ಗಾಳಿ ಇನ್ನೊಂದು ಕಡೆಯ ಅಂತರಗಂಗೆಯನ್ನು ತಂದು ತುಂಬಿಸುತ್ತದೆ. ಹಾಗಾಗಿ ಹೊಂಡವನ್ನು ನಾಲ್ಕು ಪಾಲು ಮಾಡುವ ತೇಲುಬೇಲಿ ಬೇಕು.

ಮೊದಲು ಬಿದಿರಿನಲ್ಲಿ ಮಾಡಿದ್ದು ಕೈಕೊಟ್ಟಿತು. ಹಸಿ ಬಿದಿರು ನೀರು ಕುಡಿದು ಮೂರನೇ ವಾರಕ್ಕೆ ಅರ್ಧ ಮುಳುಗಿತು, ಕಳೆ ಮೇಲಿಂದ ಹಾಯ್ದು ಹೋಯಿತು. ಆಮೇಲೆ ನಾಲ್ಕಿಂಚಿನ ಪಿವಿಸಿ ಪೈಪು, ಎರಡೂ ತುದಿಗೆ ಕ್ಯಾಪ್, ಸಾಲ್ವೆಂಟ್ ಹಾಕಿ ಒಂದು ದಿನ ಒಣಗಲು ಬಿಟ್ಟು ನೀರಿಗೆ. ಪೈಪುಗಳನ್ನು ಎಂಟು ಮಿ.ಮೀ. ನೈಲಾನ್ ಹಗ್ಗದಿಂದ ಸಾಲಾಗಿ ಕಟ್ಟಿ, ಕೆಳಗೆ ಹಳೆ ಬಲೆಯನ್ನು ಒಂದೂವರೆ ಅಡಿ ಇಳಿಬಿಟ್ಟು, ಅದರ ಅಂಚಿಗೆ ಅಲ್ಲಲ್ಲಿ ಸಣ್ಣ ಕಲ್ಲು. ಬಲೆಯ ಕಣ್ಣು ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಾತ್ರದ್ದಾಗಿರಬಾರದು. ಒಂದು ಸೆಂ.ಮೀ. ಅಥವಾ ಅದಕ್ಕಿಂತ ಸಣ್ಣದಿದ್ದರೆ ಬೆಳೆದ ಮೀನು ಸಿಕ್ಕುವುದಿಲ್ಲ. ಬಲೆ ತಳ ಮುಟ್ಟಬಾರದು, ಮೀನು ಅಡಿಯಿಂದ ಓಡಾಡುತ್ತಿರಬೇಕು.

ಹಂತ 4. ಮಾರ್ಚ್: ಅಂತರಗಂಗೆ ತೆಗೆಯುವುದು

ಒಂದು ಮೀಟರ್ ಚೌಕದ ಕಟ್ಟು ಮಾಡಿ ಅದರೊಳಗಿನ ಗಿಡ ತೂಗಿದಾಗ 22 ಕೆಜಿ ಬಂತು. 650 ಚದರ ಮೀಟರಿಗೆ ಹದಿನಾಲ್ಕು ಟನ್ ಚಿಲ್ಲರೆ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಬರೀ ನೀರು. ಹಾಗಾಗಿ ಕಿತ್ತ ತಕ್ಷಣ ಟ್ರ್ಯಾಕ್ಟರಿಗೆ ತುಂಬುವುದು ನೀರು ಸಾಗಿಸಿದಂತೆ. ಎರಡು ದಿನ ದಡದ ಮೇಲೆ ಹರಡಿ ಬಿಟ್ಟರೆ ಟ್ರ್ಯಾಕ್ಟರ್ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ.

ಹರಡುವ ಜಾಗ ಮುಖ್ಯ. ಏರಿಯ ಒಳಮೈ ಮೇಲೆ ಹರಡಿದ ಮೊದಲ ರಾಶಿಗೆ ಮಾರ್ಚಿನ ಒಂದು ಮಳೆ ಬಿದ್ದು, ಕೊಳೆತ ಕಪ್ಪು ರಸ ಪೂರ್ತಿ ಹೊಂಡಕ್ಕೆ ಇಳಿಯಿತು. ಮಾರನೆ ಬೆಳಿಗ್ಗೆ ಆ ಮೂಲೆಯಲ್ಲಿ ಅಳತೆ 2ಕ್ಕೆ ಬಂತು, ಕಾಟ್ಲಾ ಮೇಲೆ ಬಂದು ಬಾಯಿ ತೆರೆಯತೊಡಗಿದವು. ಆಮೇಲಿನ ರಾಶಿಗಳೆಲ್ಲ ಏರಿಯ ಹೊರಮೈಗೆ, ನೀರಿನಿಂದ ಹದಿನೈದು ಅಡಿ ಆಚೆ.

ಸಲಕರಣೆ: 12 ಮಿ.ಮೀ. ಕಬ್ಬಿಣದ ಸರಳಿನ ನಾಲ್ಕು ಹಲ್ಲಿನ ಕೊಕ್ಕೆ, ಹತ್ತಡಿ ಬಿದಿರಿನ ಹಿಡಿ, ಕುಡುಗೋಲು, ಎಳೆಯಲು ಹಳೆ ಎಳೆಬಲೆಯ ತುಂಡು, ಹರಿಗೋಲು. ಇಬ್ಬರು ಹರಿಗೋಲಿನಿಂದ ಕಳೆಯನ್ನು ಹಾಸಿನಂತೆ ಕತ್ತರಿಸಿ ಬಿಡಿಸುವುದು, ಮೂವರು ದಡದಿಂದ ಎಳೆಯುವುದು. ದಡಕ್ಕೆ ಹಾಕುವ ಮೊದಲು ಬೇರನ್ನು ನೀರಿನಲ್ಲೇ ಎರಡು ಸಲ ಜಾಡಿಸಬೇಕು. ಬೇರಿನೊಳಗೆ ಸಣ್ಣ ಮೀನು, ಸಿಗಡಿ ಅಡಗಿರುತ್ತವೆ. ಹಾಗೇ ಎಸೆದರೆ ಎಲ್ಲ ಸತ್ತವು.

ಕೆಲಸದ ಹೊತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು. ಹತ್ತಕ್ಕೆ ಮೊದಲು ನೀರಿನಲ್ಲಿ ಆಮ್ಲಜನಕ ಏರಿರುವುದಿಲ್ಲ. ಸಂಜೆ ಕೆಸರು ಕಲಕಿದರೆ ರಾತ್ರಿಯಿಡೀ ಅದರ ಪರಿಣಾಮ ಇರುತ್ತದೆ. ಒಂದು ಪಾಲು ಮುಗಿದ ಮೇಲೆ ಏಳು ದಿನ ಬಿಡುವು, ನಂತರ ಮುಂದಿನ ಪಾಲು. ಆಳು ಸಿಕ್ಕಿದ್ದಾರೆ, ಒಂದೇ ವಾರದಲ್ಲಿ ಮುಗಿಸೋಣ ಎಂಬ ಒತ್ತಡ ಬಂದೇ ಬರುತ್ತದೆ; ಒಪ್ಪಬಾರದು. ವರ್ಷಗಟ್ಟಲೆ ಕಳೆಯ ಅಡಿ ಕೂತ ಕಪ್ಪು ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇರುತ್ತದೆ, ಅದು ಮೀನಿಗೆ ವಿಷ. ಒಂದೇ ಸಲ ಇಡೀ ತಳ ತುಳಿದರೆ ಅದೆಲ್ಲ ಒಟ್ಟಿಗೆ ಮೇಲೇಳುತ್ತದೆ.

ಇಳಿಯುವವರಿಗೆ ಗಂಬೂಟು, ಪೂರ್ತಿ ತೋಳಿನ ಅಂಗಿ. ಕಾಲಿಗೆ ಗಾಯ ಇದ್ದವರು ಇಳಿಯಬಾರದು, ಇಂಥ ನೀರಿನಲ್ಲಿ ಇಲಿಜ್ವರದ ಭಯ ನಿಜವಾದದ್ದು. ದಡದ ರಾಶಿಯಲ್ಲಿ ಎರಡನೇ ದಿನದಿಂದ ಹಾವು ಸೇರುತ್ತದೆ. ಬರಿಗೈ ಹಾಕದೆ ಕೊಕ್ಕೆಯಿಂದಲೇ ಎತ್ತಬೇಕು.

ಗಿಡಗಳಲ್ಲಿ ಹೂ ಬಿಟ್ಟಿದ್ದವು. ಬಿದ್ದ ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಬದುಕಿರುತ್ತದೆ. ಅಂಚಿನ ಹಸಿ ಕೆಸರಿನಲ್ಲಿ ಎದ್ದ ಎಳೆ ಸಸಿಗಳನ್ನು ಹದಿನೈದು ದಿನಕ್ಕೊಮ್ಮೆ ಕೈಯಲ್ಲಿ ಹೆಕ್ಕುವುದು ಅವತ್ತಿನಿಂದ ಕಾಯಂ ಕೆಲಸವಾಯಿತು.

ಹಂತ 5. ಮಾರ್ಚ್ ಕೊನೆ: ಹೈಡ್ರಿಲ್ಲಾ, ಮುಳ್ಳುತಂತಿಯಿಂದ ಹಾಳಾದದ್ದು

ಬಿದಿರಿಗೆ ಮುಳ್ಳುತಂತಿ ಸುತ್ತಿ ಎರಡೂ ದಡದಿಂದ ಹಗ್ಗ ಕಟ್ಟಿ ತಳದ ಮೇಲೆ ಎಳೆಯುವುದು ಹಳೆಯ ಪದ್ಧತಿ, ಎಲ್ಲರೂ ಹೇಳುವುದೂ ಅದೇ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಅದು ಹೈಡ್ರಿಲ್ಲಾವನ್ನು ಕೀಳುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆ, ಗೇಣುದ್ದದ ತುಂಡು ಹೊಂಡದ ತುಂಬ ತೇಲುತ್ತದೆ. ಒಂದೊಂದು ಗಿಣ್ಣಿನಿಂದಲೂ ಹೊಸ ಗಿಡ. ಮೊದಲು ಕಳೆಯೇ ಇರದ ತೂಬಿನ ಬದಿಯಲ್ಲಿ ಏಪ್ರಿಲ್ ಎರಡನೇ ವಾರಕ್ಕೆ ಹಸಿರು ಚುಕ್ಕೆ ಕಾಣಿಸಿತು.

ಸರಿಹೋದ ಕ್ರಮ ಹೀಗೆ. ಮೊದಲು ತೇಲುಬೇಲಿಯನ್ನು ತಂದು ಕೆಲಸದ ಜಾಗವನ್ನು ಸುತ್ತುವರಿಯಬೇಕು, ಬಲೆಯ ಅಂಚು ಆ ಹೊತ್ತಿಗೆ ಮಾತ್ರ ತಳ ಮುಟ್ಟಲಿ. ಹಲ್ಲಿನ ಕೊಕ್ಕೆಯನ್ನು ಬುಡಕ್ಕೆ ಇಳಿಸಿ ಎಳೆಯುವ ಬದಲು ತಿರುಗಿಸುತ್ತಾ ಹೋದರೆ ಬಳ್ಳಿ ಸುತ್ತಿಕೊಂಡು ಬೇರು ಸಮೇತ ಬರುತ್ತದೆ. ಕೊನೆಗೆ ಸಣ್ಣ ಕಣ್ಣಿನ ಎಳೆಬಲೆಯಿಂದ ತೇಲಿದ ತುಂಡು ಬಳಿಯಬೇಕು. ನಿಧಾನದ ಕೆಲಸ, ದಿನಕ್ಕೆ ಇಬ್ಬರಿಂದ 40 ಚದರ ಮೀಟರ್ ಆದರೆ ಹೆಚ್ಚು. ಕೆಸರಿನೊಳಗೆ ಉಳಿದ ಸಣ್ಣ ಗೆಡ್ಡೆಗಳು ಇದಕ್ಕೂ ಬಗ್ಗುವುದಿಲ್ಲ. ನಾಲ್ಕು ವರ್ಷದ ನಂತರವೂ ಮೊಳೆಯಬಲ್ಲವು.

ನೂಲುಪಾಚಿಗೆ ಕವೆಗೋಲು ಸಾಕು. ಸುತ್ತಿ ಎತ್ತುವುದು, ಅಷ್ಟೆ.

ಹಂತ 6. ಏಪ್ರಿಲ್: ಮೀನಿನ ಹೊರೆ ಇಳಿಸಿ, ಅಂಚು ಆಳ ಮಾಡುವುದು

ನೀರು ಅತಿ ಕಡಿಮೆಯಾಗುವ ಹೊತ್ತಿಗೆ ಜೆಸಿಬಿ ಇಳಿಸಬೇಕು. ಅದೇ ಹೊತ್ತಿಗೆ ಮೀನೂ ಇಕ್ಕಟ್ಟಿನಲ್ಲಿ ಇರುತ್ತದೆ. ಹಾಗಾಗಿ ಜೆಸಿಬಿಗೆ ಮುಂಚೆ ಎಳೆಬಲೆ ಹಾಕಿ ಅರ್ಧ ಕೆಜಿ ದಾಟಿದ ಮೀನನ್ನೆಲ್ಲ ಮಾರಲಾಯಿತು. ಕೆಜಿ ತೂಕ ಬರುವವರೆಗೆ ಕಾದಿದ್ದರೆ ಬೆಲೆ ಹೆಚ್ಚು ಸಿಗುತ್ತಿತ್ತು. ಆದರೆ ಉಳಿದ ನೀರಿಗೆ ಅಷ್ಟು ಮೀನು ತಡೆಯುತ್ತಿರಲಿಲ್ಲ. ಬಲೆ ಹಾಕುವ ಹಿಂದಿನ ದಿನ ಆಹಾರ ಕೊಡಬಾರದು. ಹೊಟ್ಟೆ ತುಂಬಿದ ಮೀನು ಬಲೆಯಲ್ಲಿ ಬೇಗ ಸುಸ್ತಾಗುತ್ತದೆ. ವಾಪಸು ಬಿಡುವ ಮೀನಿನ ಮೈ ತರಚಿದ್ದರೆ ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ಟಬ್ಬಿನಲ್ಲಿ ಎರಡು ಮೂರು ನಿಮಿಷ ಅದ್ದಿ ಬಿಡಬೇಕು. ಮಗ್ಗುಲು ಹೊರಳಿದರೆ ತಕ್ಷಣ ನೀರಿಗೆ.

ಬಲೆಯಲ್ಲಿ ಬಂದ ಕೊರವ, ಬಾಳೆಮೀನುಗಳನ್ನು ವಾಪಸು ಬಿಡದೆ ತೆಗೆದದ್ದು ಮುಂದೆ ಮರಿ ಬಿಡುವ ಹಂತಕ್ಕಾಗಿ. ಅವು ಇದ್ದರೆ ಹೊಸ ಮರಿ ಉಳಿಯುವುದಿಲ್ಲ. ಆದರೂ ಕೆಲವು ತಪ್ಪಿಸಿಕೊಂಡವು, ಕೊರವ ಕೆಸರಿಗೆ ಇಳಿದು ಬಲೆಯ ಕೆಳಗೇ ನುಸುಳುತ್ತದೆ.

ಜೊಂಡಿಗೆ ಮೊದಲೇ ಒಂದು ಕೆಲಸ ಮಾಡಿಟ್ಟಿದ್ದಾಗಿತ್ತು. ಹೂತೆನೆ ಬರುವ ಮೊದಲು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಕುಡುಗೋಲಿನಿಂದ ಕೊಯ್ದು, ಚಿಗುರು ಬಂದಾಗ ಇನ್ನೊಮ್ಮೆ. ಟೊಳ್ಳು ಕಾಂಡದೊಳಗೆ ನೀರು ತುಂಬಿ ಗೆಡ್ಡೆ ಕೊಳೆಯುತ್ತದೆ. ನೀರಿನ ಮೇಲ್ಭಾಗಕ್ಕೆ ಕೊಯ್ದರೆ ಏನೂ ಆಗುವುದಿಲ್ಲ, ಇನ್ನಷ್ಟು ದಟ್ಟವಾಗಿ ಬರುತ್ತದೆ. ಉಳಿದ ಗೆಡ್ಡೆಯನ್ನು ಜೆಸಿಬಿ ಬಕೆಟ್ಟು ಎತ್ತಿತು.

ಅಂಚಿನ ಕೆಲಸದ ಅಳತೆ: ಒಂದಡಿ ಇಳಿದರೆ ಎರಡಡಿ ಮುಂದೆ ಹೋಗುವ ಇಳಿಜಾರು. ಹೊಂಡ ತುಂಬಿದಾಗ ಅಂಚಿನಿಂದ ಆರಡಿ ಒಳಗೆ ಬಂದರೆ ಮೂರಡಿ ಆಳ ಇರಬೇಕು. ಬೇರೂರುವ ಕಳೆಗಳಿಗೆ ಎರಡಡಿಗಿಂತ ಕಡಿಮೆ ನೀರಿನ ಜಾಗ ಸಿಗದಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನೂ ಕಡಿದಾಗಿ ತೆಗೆಯಬೇಡಿ, ಮೊದಲ ಮಳೆಗೇ ಅಂಚು ಕುಸಿಯುತ್ತದೆ. ದನ ನೀರು ಕುಡಿಯುವ ಒಂದು ಕಡೆ ಮಾತ್ರ ಕಲ್ಲು ಹಾಸಿ ಇಳಿಜಾರು ಹಾಗೇ ಬಿಡಲಾಯಿತು. ತೆಗೆದ ಹೂಳು ಅಡಿಕೆ ಬುಡಕ್ಕೆ, ಹೈಡ್ರಿಲ್ಲಾ ಗೆಡ್ಡೆಯ ಬಹುಪಾಲು ಅದರೊಂದಿಗೆ ಹೊರಹೋಯಿತು.

ಜೆಸಿಬಿ ಕೆಲಸದ ಉದ್ದಕ್ಕೂ ತೂಬಿನ ಬದಿಯ ಆಳದ ನೀರಿನಲ್ಲಿ ಐದು ಎಚ್‌ಪಿ ಪಂಪಿನಿಂದ ನೀರೆತ್ತಿ, ತೂತು ಕೊರೆದ ಪೈಪಿನ ಮೂಲಕ ಅದೇ ನೀರಿಗೆ ಮೇಲಿನಿಂದ ಚಿಮ್ಮಿಸುತ್ತಿದ್ದದ್ದು ಮೀನು ಉಳಿಸಿತು.

ಹಂತ 7. ಔಷಧ ಏಕೆ ಹೊಡೆಯಲಿಲ್ಲ

ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ, ಹಾಗಾಗಿ ಲೆಕ್ಕ ಬರೆಯುವುದು ಒಳ್ಳೆಯದು. ಮೈಲುತುತ್ತೆಯನ್ನು ಪಾಚಿಗೆ ಹಾಕುವ ರೂಢಿ ಇದೆ. ಅದರ ಪ್ರಮಾಣ ನೀರಿನ ಆಲ್ಕಲಿನಿಟಿಯ (ಹುಳಿಯನ್ನು ತಡೆಯುವ ಶಕ್ತಿ, ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) ಮೇಲೆ ನಿಂತಿದೆ: ಆಲ್ಕಲಿನಿಟಿಯನ್ನು ನೂರರಿಂದ ಭಾಗಿಸಿದಷ್ಟು ಪಿಪಿಎಂ ಮೀರಬಾರದು, 50ಕ್ಕಿಂತ ಕಡಿಮೆ ಇದ್ದರೆ ಹಾಕಲೇಬಾರದು. ಬಯಲುಸೀಮೆಯ ಗಡಸು ನೀರಿನಲ್ಲಿ ಇದು 150, 200 ಇರಬಹುದು. ಮಳೆನೀರು ತುಂಬಿದ ಈ ಹೊಂಡದಲ್ಲಿ ಬಂದದ್ದು 40. ಇಲ್ಲಿ ಮೈಲುತುತ್ತೆ ಪಾಚಿಗಿಂತ ಮೊದಲು ಮೀನನ್ನು ಕೊಲ್ಲುತ್ತಿತ್ತು. ಅಡಿಕೆಗೆ ಮೈಲುತುತ್ತೆ ಬೆರೆಸಿದ ಬೋರ್ಡೋ ಹೊಡೆದ ಡ್ರಮ್ಮು, ಸ್ಪ್ರೇಯರ್ ಹೊಂಡದಲ್ಲಿ ತೊಳೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

2,4-ಡಿ, ಗ್ಲೈಫೋಸೇಟ್‌ನಂಥ ಕಳೆನಾಶಕ ಹೊಡೆದರೆ ಅಂತರಗಂಗೆ ಸಾಯುತ್ತದೆ. ಸತ್ತ ಹದಿನಾಲ್ಕು ಟನ್ ಅಲ್ಲೇ ಮುಳುಗಿ ಕೊಳೆಯುತ್ತದೆ. ಕಳೆಯೊಳಗಿನ ಗೊಬ್ಬರ ನೀರಿಗೇ ವಾಪಸು ಸೇರಿ ಮುಂದಿನ ಬೆಳೆ ಕಳೆಗೆ ಸಿದ್ಧ. ಅಲ್ಲದೆ ಇದೇ ನೀರು ತರಕಾರಿ ಮಡಿಗೆ ಹೋಗುತ್ತದೆ, ಟೊಮೆಟೊ ಗಿಡ 2,4-ಡಿಯ ಸ್ವಲ್ಪ ಅಂಶಕ್ಕೂ ಮುರುಟಿಕೊಳ್ಳುತ್ತದೆ. ಕೈಯಿಂದ ಎತ್ತಿ ಹೊರಹಾಕಿದ ಕಳೆ ಮಾತ್ರ ಹೊಂಡದ ಗೊಬ್ಬರವನ್ನೂ ಹೊರಗೆ ಒಯ್ಯುತ್ತದೆ.

ಅಂತರಗಂಗೆ ತಿನ್ನುವ ಸೊಂಡಿಲಹುಳುಗಳ ವಿಷಯ ಬೇರೆ. ನಿಯೋಕೆಟಿನಾ ಜಾತಿಯ ಹುಳುಗಳನ್ನು 1980ರ ದಶಕದ ಮೊದಲ ಭಾಗದಲ್ಲೇ ಬೆಂಗಳೂರಿನ ಕೆರೆಗಳಿಗೆ ಬಿಟ್ಟಿದ್ದರು, ಹೆಬ್ಬಾಳದಂಥ ಕಡೆ ಎರಡು ಮೂರು ವರ್ಷದಲ್ಲಿ ಕಳೆ ತಗ್ಗಿತು. ಆಳು ಇಳಿಯಲಾಗದ ದೊಡ್ಡ ಕೆರೆಗೆ ಅದೇ ಸರಿಯಾದ ದಾರಿ. ಇಪ್ಪತ್ತು ಗುಂಟೆಗೆ ಅಷ್ಟು ಕಾಯುವ ಅಗತ್ಯವಿಲ್ಲ, ಮತ್ತು ಕೈಯಿಂದ ಎಲ್ಲ ಕಿತ್ತ ಮೇಲೆ ಹುಳುವಿಗೆ ಆಹಾರವೂ ಇರುವುದಿಲ್ಲ.

ಹಂತ 8. ಜೂನ್: ಮೋಡದ ವಾರ, ಕೋಡಿಯ ಜಾಲರಿ

ಮುಂಗಾರು ಹಿಡಿದು ಬಿಸಿಲೇ ಇಲ್ಲದ ವಾರದಲ್ಲಿ ಬೆಳಗಿನ ಅಳತೆ 4ರಿಂದ 1.8ಕ್ಕೆ ಇಳಿಯಿತು. ಬೇಲಿಯ ಮೂಲೆಯಲ್ಲಿ ಎತ್ತದೆ ಉಳಿದ ಹೈಡ್ರಿಲ್ಲಾ ಗುಡ್ಡೆ ಕೊಳೆಯುತ್ತಿದ್ದದ್ದೂ ಸೇರಿಕೊಂಡಿತು. ಹನ್ನೊಂದು ಮೀನು ಸತ್ತವು. ಹೆಚ್ಚಿನವು ಕಾಟ್ಲಾ, ಅದೂ ದೊಡ್ಡವು. ಆಮ್ಲಜನಕದ ಕೊರತೆಗೆ ದೊಡ್ಡ ಮೀನೇ ಮೊದಲು ಬಲಿ. ಸಣ್ಣವೇ ಮೊದಲು ಸತ್ತಿದ್ದರೆ ವಿಷ ಅಥವಾ ರೋಗದ ಕಡೆ ಯೋಚಿಸಬೇಕಿತ್ತು.

ಇಂಥ ಬೆಳಿಗ್ಗೆ ಮಾಡಬೇಕಾದ್ದು: ಪಂಪು ಹಾಕಿ ನೀರು ಚಿಮ್ಮಿಸುವುದು, ಬಿಸಿಲೇರುವವರೆಗೆ ನಿಲ್ಲಿಸದೆ. ಹಿಂಡಿ, ತೌಡು ಎರಡು ದಿನ ಬಂದ್. ಸಗಣಿ ಬಂದ್. ಬೋರ್‌ವೆಲ್ ನೀರು ಬಿಡುವುದಾದರೆ ಪೈಪನ್ನು ನೀರೊಳಗೆ ಮುಳುಗಿಸಬೇಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಎತ್ತರದಿಂದ ಕಲ್ಲಿನ ಮೇಲೆ ಬಿದ್ದು ಚದುರಿ ಬರಬೇಕು. ಸತ್ತ ಮೀನನ್ನು ತಕ್ಷಣ ತೆಗೆದು ಹೂಳಬೇಕು.

ಕೋಡಿಯ ಜಾಲರಿ ಇದೇ ತಿಂಗಳ ಇನ್ನೊಂದು ಪಾಠ. ಮೀನು ಹೋಗದಂತೆ ಕೋಡಿಗೆ ಒಂದು ಸೆಂ.ಮೀ. ಕಣ್ಣಿನ ವೆಲ್ಡ್‌ಮೆಷ್ ನೇರವಾಗಿ ಹಾಕಿದ್ದರಿಂದ ಒಂದೇ ರಾತ್ರಿಯಲ್ಲಿ ಕಳೆಯ ತುಂಡು ಅಂಟಿ ಜಾಲರಿ ಗೋಡೆಯಾಯಿತು, ನೀರು ಏರಿಯ ತಗ್ಗಿನಲ್ಲಿ ಹರಿಯಿತು. ಏರಿ ಒಡೆಯಲು ಇಷ್ಟು ಸಾಕು. ಈಗ ಇರುವುದು ಹೀಗೆ: ಹೊಂಡದ ಒಳಕ್ಕೆ ಮೂಗು ಚಾಚಿದಂತೆ ಎರಡು ಮಗ್ಗುಲಿನ ಜಾಲರಿ, ಕೋಡಿಯ ಅಗಲಕ್ಕಿಂತ ನಾಲ್ಕು ಪಟ್ಟು ಉದ್ದ. ಅದಕ್ಕೂ ಆರಡಿ ಮುಂದೆ ಕಳೆ ತಡೆಯಲು ತೇಲುಬೇಲಿಯ ಒಂದು ತುಂಡು. ಜೋರು ಮಳೆಯ ರಾತ್ರಿ ಬ್ಯಾಟರಿ ಹಿಡಿದು ಹೋಗಿ ಬಳಿಯುವುದು ಆದರೂ ತಪ್ಪುವುದಿಲ್ಲ.

ಹಂತ 9. ಜುಲೈನಿಂದ ಅಕ್ಟೋಬರ್: ನೀರಿಗೆ ಬಣ್ಣ ತರುವುದು

ಕಳೆ ಹೋದ ಮೇಲೆ ತಿಳಿನೀರು ಹಾಗೇ ಉಳಿದರೆ ತಳದ ಗೆಡ್ಡೆ ಮೊಳೆಯುತ್ತದೆ. ಪ್ಲವಕದ ತಿಳಿಹಸಿರು ಬಣ್ಣ ಬಂದರೆ ಬಿಸಿಲು ಕೆಳಗಿಳಿಯುವುದಿಲ್ಲ, ಮೀನಿಗೂ ಆಹಾರ. ಗುರಿ: ತಟ್ಟೆ 30ರಿಂದ 40 ಸೆಂ.ಮೀ.ನಲ್ಲಿ ಮರೆಯಾಗಬೇಕು.

ಕೃಷಿ ಸುಣ್ಣ ಮೊದಲು. ಹೆಕ್ಟೇರಿಗೆ 200 ಕೆಜಿ ಲೆಕ್ಕದಲ್ಲಿ 40 ಕೆಜಿ, ಎರಡು ಕಂತಿನಲ್ಲಿ, ಹಿಂದಿನ ಸಂಜೆ ನೆನೆಸಿ ಬೆಳಿಗ್ಗೆ ಎರಚಿದ್ದು. ವಾರದ ನಂತರ ಸಗಣಿ. ವರ್ಷಕ್ಕೆ ಹೆಕ್ಟೇರಿಗೆ 10 ಟನ್ ಎಂಬ ರೂಢಿಯ ಲೆಕ್ಕದಲ್ಲಿ ಇಲ್ಲಿಗೆ ಎರಡು ಟನ್, ತಿಂಗಳಿಗೆ 160 ಕೆಜಿ ಚಿಲ್ಲರೆ. ಒಮ್ಮೆಗೇ ಸುರಿಯದೆ ವಾರಕ್ಕೆ 40 ಕೆಜಿ, ಡ್ರಮ್ಮಿನಲ್ಲಿ ಕದಡಿ ತಿಳಿಯನ್ನು ಮಾತ್ರ. ತಟ್ಟೆ 25 ಸೆಂ.ಮೀ. ಇಳಿಯುವ ಮೊದಲೇ ಮರೆಯಾದರೆ ಆ ವಾರ ಸಗಣಿ ಇಲ್ಲ.

ಇಲ್ಲಿ ಕ್ರಮ ತಪ್ಪಿದರೆ ಎಲ್ಲ ಉಲ್ಟಾ. ಹೈಡ್ರಿಲ್ಲಾ ಇನ್ನೂ ಹರಡಿರುವಾಗಲೇ ಸಗಣಿ ಹಾಕಿದರೆ ಅದು ಪ್ಲವಕಕ್ಕೆ ಹೋಗುವುದಿಲ್ಲ, ಕಳೆಗೇ ಹೋಗುತ್ತದೆ. ಕಳೆ ತೆಗೆದು, ಅಂಚು ಆಳ ಮಾಡಿ, ಆಮೇಲೆ ಗೊಬ್ಬರ. ಕೊಟ್ಟಿಗೆ ನೀರು ನಿಲ್ಲಿಸಿ ಸಗಣಿ ಹಾಕುವುದು ವಿಚಿತ್ರ ಅನ್ನಿಸಬಹುದು, ವ್ಯತ್ಯಾಸ ಪ್ರಮಾಣದಲ್ಲಿದೆ. ಒಂದು ತಟ್ಟೆ ನೋಡಿ ಹಾಕಿದ್ದು, ಇನ್ನೊಂದು ಲೆಕ್ಕವಿಲ್ಲದೆ ಹರಿದು ಬರುತ್ತಿದ್ದದ್ದು.

ಸಾಮಾನ್ಯ ಗೆಂಡೆ ತಳ ಕೆದಕಿ ಎಳೆ ಮೊಳಕೆ ಕೀಳುವುದರಿಂದ ನೂರು ಇದ್ದರೆ ಉಪಕಾರ. ಕಳೆ ದಟ್ಟವಾಗಿರುವ ಹೊಂಡದಲ್ಲಿ ಅದು ಎಲೆಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡಿ ತುಂಬಿಬಿಡುತ್ತದೆ, ಆಗ ಯಾವ ಮೀನೂ ತೂಕ ಬರುವುದಿಲ್ಲ. ಮೀನಿನ ಹೇನು ಕೂಡ ಕಡ್ಡಿ, ಕಾಂಡದ ಮೇಲೆಯೇ ಮೊಟ್ಟೆ ಇಡುವುದು. ಕಳೆ ಕಡಿಮೆಯಾದ ಮೇಲೆ ಮೈ ಉಜ್ಜಿಕೊಳ್ಳುವ ಮೀನು ಕಾಣಿಸಿಲ್ಲ.

ಹಂತ 10. ಆಗಸ್ಟಿನಿಂದ: ಹುಲ್ಲುಗೆಂಡೆ

ಉಳಿದ ಹೈಡ್ರಿಲ್ಲಾಕ್ಕೆ ಕೊನೆಯ ಉಪಾಯ ಇದು. 1959ರಲ್ಲಿ ಹಾಂಗ್‌ಕಾಂಗಿನಿಂದ ಭಾರತಕ್ಕೆ ತಂದ ಈ ಮೀನು ಹೈಡ್ರಿಲ್ಲಾ, ಅಜೋಲಾದಂಥ ಮೆತ್ತನೆಯ ಸೊಪ್ಪು ಇಷ್ಟಪಡುತ್ತದೆ, ದಿನಕ್ಕೆ ತನ್ನ ಅರ್ಧ ತೂಕದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಿನ್ನುತ್ತದೆ. ಅಂತರಗಂಗೆ, ಜೊಂಡು ಮುಟ್ಟುವುದಿಲ್ಲ. ನಿಂತ ನೀರಿನಲ್ಲಿ ತಾನಾಗಿ ಮರಿ ಮಾಡುವುದಿಲ್ಲವಾದ್ದರಿಂದ ಸಂಖ್ಯೆ ನಮ್ಮ ಕೈಯಲ್ಲೇ ಇರುತ್ತದೆ.

ದಟ್ಟ ಹೈಡ್ರಿಲ್ಲಾಕ್ಕೆ ಹೆಕ್ಟೇರಿಗೆ ಅರ್ಧ ಕೆಜಿಯ 300ರಿಂದ 400 ಮೀನು ಬೇಕೆನ್ನುವ ಲೆಕ್ಕ. ಇಲ್ಲಿಗೆ 60ರಿಂದ 80. ಸಿಕ್ಕಿದ್ದು ಮೂರು ನಾಲ್ಕಿಂಚಿನ ಮರಿ. ನೇರ ಬಿಟ್ಟ ಮೊದಲ ನೂರು ಮರಿಗಳಲ್ಲಿ ಆಮೇಲೆ ಬಲೆಗೆ ಬಂದದ್ದು ನಾಲ್ಕೇ. ಉಳಿದವು ತಪ್ಪಿಸಿಕೊಂಡಿದ್ದ ಕೊರವಕ್ಕೂ ನೀರುಕಾಗೆಗೂ ಆಹಾರವಾದವು. ಎರಡನೇ ನೂರನ್ನು ಹೊಂಡದೊಳಗೇ 3 ಮೀಟರ್ ಉದ್ದ, 2 ಮೀಟರ್ ಅಗಲದ ಹಾಪಾ (ಬಲೆಯ ತೊಟ್ಟಿ) ಕಟ್ಟಿ, ಮೇಲೆ ಹಕ್ಕಿಬಲೆ ಹೊದಿಸಿ, ಅಜೋಲಾ ಮತ್ತು ಸ್ವಲ್ಪ ತೌಡು ಕೊಟ್ಟು ಆರಿಂಚು ದಾಟುವವರೆಗೆ ಬೆಳೆಸಲಾಯಿತು. ಹಾಪಾದ ಬಲೆಗೆ ಪಾಚಿ ಕಟ್ಟಿದರೆ ಒಳಗೆ ನೀರು ಓಡಾಡುವುದಿಲ್ಲ, ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಬೇಕು. ಅಕ್ಟೋಬರ್ ಕೊನೆಗೆ 78 ಮೀನು ಹೊಂಡಕ್ಕೆ.

ಮರಿ ತಂದ ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ಹೊಂಡದ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ಹೊಂಡದ ನೀರು ಸೇರಿಸಿ, ಅವು ತಾವಾಗಿ ಹೊರಗೆ ಈಜಲು ಬಿಡಬೇಕು.

ಬಿಟ್ಟ ಮೇಲೆ ಕೈತಿಂಡಿ ವಿಷಯದಲ್ಲಿ ಎಚ್ಚರ. ಹಿಂಡಿ ತೌಡು ಧಾರಾಳ ಸಿಕ್ಕರೆ ಹುಲ್ಲುಗೆಂಡೆ ಸೊಪ್ಪು ಬಿಟ್ಟು ಅದನ್ನೇ ಹುಡುಕುತ್ತದೆ. ಉಳಿದ ಮೀನಿಗೆ ಕೊಡುವುದನ್ನು ಅರ್ಧಕ್ಕೆ ಇಳಿಸಿದ ಮೇಲೆ ನವೆಂಬರಿನಲ್ಲಿ ಹೈಡ್ರಿಲ್ಲಾದ ತುದಿ ಕತ್ತರಿಸಿದಂತೆ ಕಾಣಿಸತೊಡಗಿತು. ತಿಂದದ್ದರಲ್ಲಿ ಅರ್ಧದಷ್ಟು ಜೀರ್ಣವಾಗದೆ ಹೊರಬರುತ್ತದೆ, ಅದೂ ಗೊಬ್ಬರವೇ. ನವೆಂಬರಿನಿಂದ ಸಗಣಿ ಪೂರ್ತಿ ನಿಲ್ಲಿಸಬೇಕಾಯಿತು. ಸೊಪ್ಪು ಮುಗಿದ ಮೇಲೆ ದಿನವೂ ನೇಪಿಯರ್ ಹುಲ್ಲು ಕತ್ತರಿಸಿ ಬಿದಿರಿನ ಚೌಕಟ್ಟಿನೊಳಗೆ ಹಾಕಬೇಕು, ಇಲ್ಲದಿದ್ದರೆ ಮೀನು ಬಡಕಲಾಗುತ್ತದೆ. ಮೂರು ಕೆಜಿ ದಾಟಿದವನ್ನು ಹಿಡಿದು ಮಾರುವುದು ಲಾಭ, ದೊಡ್ಡದಾದಷ್ಟೂ ತೂಕದ ಲೆಕ್ಕದಲ್ಲಿ ತಿನ್ನುವುದು ಕಡಿಮೆ.

ಖರ್ಚು

ಕೊಟ್ಟಿಗೆ ಗುಂಡಿ, ಹೂಳುಗುಂಡಿ, ಪೈಪು: ₹6,500
ತೇಲುಬೇಲಿ, ವ್ಯರ್ಥವಾದ ಬಿದಿರೂ ಸೇರಿ: ₹5,400
ಕೊಕ್ಕೆ, ಬಲೆ, ಹಗ್ಗ, ಜಾಲರಿ: ₹3,200
ಕೂಲಿ, 42 ಆಳು, ₹600ರಂತೆ: ₹25,200
ಜೆಸಿಬಿ, 11 ಗಂಟೆ, ₹1,200ರಂತೆ: ₹13,200
ಟ್ರ್ಯಾಕ್ಟರ್: ₹6,000
ಹುಲ್ಲುಗೆಂಡೆ ಎರಡು ಕಂತು, ಹಾಪಾ: ₹4,300
ಸುಣ್ಣ, ಅಳತೆಯ ಕಿಟ್: ₹2,700
ಒಟ್ಟು ₹66,500. ಪಂಪಿನ ಕರೆಂಟು, ಮನೆಯವರ ದುಡಿಮೆ ಸೇರಿಲ್ಲ.

ಇದರಲ್ಲಿ ವಾಪಸು ಬಂದದ್ದು ಗೊಬ್ಬರ. ಬಾಡಿದ ಅಂತರಗಂಗೆಯನ್ನು ಕತ್ತರಿಸಿ, ಒಂದಡಿ ಕಳೆ, ಅದರ ಮೇಲೆ ಸಗಣಿ ಬಗ್ಗಡ, ತೆಳುವಾಗಿ ಮಣ್ಣು ಹೀಗೆ ನಾಲ್ಕಡಿ ಎತ್ತರದ ರಾಶಿ ಮಾಡಿ ತಿಂಗಳಿಗೊಮ್ಮೆ ಮಗುಚಿದರೆ ಮಳೆಗಾಲದ ಮುಂಚೆ ಕಪ್ಪು ಪುಡಿಯಾಗುತ್ತದೆ. ಹೂ ಬಿಟ್ಟ ಗಿಡ ಇದ್ದ ರಾಶಿಯ ಗೊಬ್ಬರವನ್ನು ಗದ್ದೆಗೆ ಹಾಕಬೇಡಿ, ಬೀಜ ಉಳಿದಿರಬಹುದು. ಅಡಿಕೆ, ಬಾಳೆಗೆ ತೊಂದರೆಯಿಲ್ಲ.

ಈಗಿನ ಸ್ಥಿತಿ, ಜನವರಿ

ಬೆಳಿಗ್ಗೆ ಆರರ ಅಳತೆ 4.5, ತಟ್ಟೆ 36 ಸೆಂ.ಮೀ., ಮಧ್ಯಾಹ್ನದ ಪಿಎಚ್ 8.4. ಅಂತರಗಂಗೆ ಹೂಳುಗುಂಡಿಯ ಬಳಿ ಸಸಿಯಾಗಿ ಮಾತ್ರ ಬರುತ್ತಿದೆ. ಜೊಂಡಿನ ಹತ್ತಡಿ ಜಾಗವನ್ನು ನೀರು ಬರುವ ಬಾಯಿಯಲ್ಲಿ ಹಾಗೇ ಬಿಟ್ಟಿರುವುದು ಬೇಕೆಂದೇ, ಗದ್ದೆಯಿಂದ ಬರುವ ಗೊಬ್ಬರವನ್ನು ಅದು ಹೀರುತ್ತದೆ. ತಿಂಗಳಿಗೊಮ್ಮೆ ಕೊಯ್ದು ಹೊರಗೆ ಹಾಕಿದರೆ ಮಾತ್ರ ಉಪಯೋಗ.

ಬಗೆಹರಿಯದೆ ಉಳಿದದ್ದು ತೂಬಿನ ಬದಿಯ ಹೈಡ್ರಿಲ್ಲಾ, ಮುಳ್ಳುತಂತಿಯ ತುಂಡುಗಳಿಂದ ಎದ್ದದ್ದು. ಐದಡಿ ಆಳದಲ್ಲಿ ಸುಮಾರು ಮೂವತ್ತು ಚದರ ಮೀಟರ್ ಇದೆ. ಹುಲ್ಲುಗೆಂಡೆ ಇನ್ನೂ 300 ಗ್ರಾಂ ಆಸುಪಾಸಿನಲ್ಲಿವೆ, ಅಂಚಿನ ಸೊಪ್ಪು ಮುಗಿಸಿ ಅಲ್ಲಿಗೆ ಹೋಗುತ್ತಿಲ್ಲ. ಮಾರ್ಚಿನ ಒಳಗೆ ಕಡಿಮೆಯಾಗದಿದ್ದರೆ ಸುತ್ತ ಬೇಲಿ ಕಟ್ಟಿ ಕೊಕ್ಕೆಯಿಂದ ತಿರುಗಿಸಿ ತೆಗೆಯುವುದು, ಆ ಜಾಗದ ಮೇಲೆ ಎರಡು ತಿಂಗಳು ಕಪ್ಪು ಟಾರ್ಪಾಲನ್ನು ತಳಕ್ಕೆ ಕಲ್ಲು ಹೇರಿ ಹಾಸಿಡುವುದು. ಟಾರ್ಪಾಲಿನ ಅಡಿ ಕೊಳೆತ ಅನಿಲ ತುಂಬಿ ಮೇಲೇಳದಂತೆ ಮೀಟರಿಗೊಂದು ಸಣ್ಣ ಸೀಳು ಹಾಕಬೇಕು, ತೆಗೆಯುವಾಗ ಒಂದೇ ಸಲ ಎತ್ತದೆ ಅಂಚಿನಿಂದ ಮಡಚುತ್ತಾ ಬರಬೇಕು, ಪಂಪು ಪಕ್ಕದಲ್ಲೇ ಸಿದ್ಧವಿರಬೇಕು.